ರಾಮನ್ ಅಕಾಡೆಮಿಯ ‘ಪ್ರೊಸೀಡಿಂಗ್ಸ್’: ಹಳೇ ಸಂಪುಟಗಳನ್ನು ಹುಡುಕಿ ಓದುವ ಬಗೆ

ಬೆಂಗಳೂರಿನ ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಪಕ್ಕದಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಅದು ಕೊಡುವ ಫೆಲೋಶಿಪ್. ಆದರೆ ಸಿ.ವಿ. ರಾಮನ್ ಅದನ್ನು ಕಟ್ಟಿದ್ದೇ ಒಂದು ಜರ್ನಲ್ ಹೊರಡಿಸಲು ಎಂದರೂ ತಪ್ಪಾಗದು. ಸಂಸ್ಥೆ ನೋಂದಣಿಯಾದದ್ದು 1934ರ ಏಪ್ರಿಲ್ 24ರಂದು. ಉದ್ಘಾಟನೆ ಜುಲೈ 31ರಂದು, 65 ಮಂದಿ ಸ್ಥಾಪಕ ಫೆಲೋಗಳೊಂದಿಗೆ. ಆ ಜರ್ನಲ್, ಅಂದರೆ ‘ಪ್ರೊಸೀಡಿಂಗ್ಸ್’ನ ಮೊದಲ ಸಂಚಿಕೆಯೂ ಅದೇ ಜುಲೈ ತಿಂಗಳದ್ದು. ಕಟ್ಟಡದ ಮಾತು ಹಾಗಿರಲಿ, ಆಗ ಸ್ವಂತ ಜಾಗವೂ ಇರಲಿಲ್ಲ. ಮೈಸೂರು ಮಹಾರಾಜರು 11 ಎಕರೆ ಕೊಟ್ಟದ್ದು ಆ ವರ್ಷದ ಡಿಸೆಂಬರಿನಲ್ಲಿ.

ಇಷ್ಟು ಅವಸರ ಯಾಕೆ? ಉತ್ತರಕ್ಕೆ 1928ಕ್ಕೆ ಹೋಗಬೇಕು. ಬೆಳಕಿನ ಚದುರುವಿಕೆಯಲ್ಲಿ ಹೊಸ ಗೆರೆಗಳು ಕಂಡಿವೆ ಎಂದು ರಾಮನ್ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣದಲ್ಲಿ ವಿವರಿಸಿದರು. ಆ ಭಾಷಣ ಕಲ್ಕತ್ತದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನ 2ನೇ ಸಂಪುಟದಲ್ಲಿ 387ನೇ ಪುಟದಿಂದ ಅಚ್ಚಾಯಿತು, ಅದರ ಬಿಡಿಪ್ರತಿಗಳು ಕೂಡಲೇ ಹೊರದೇಶದ ವಿಜ್ಞಾನಿಗಳ ಕೈಸೇರಿದವು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಇದೇ ವಿದ್ಯಮಾನವನ್ನು ಹರಳುಗಳಲ್ಲಿ ಕಂಡಿದ್ದರು, ಅದೂ ರಾಮನ್ ಕಂಡ ಅದೇ 1928ರ ಫೆಬ್ರುವರಿಯಲ್ಲಿ. ಅವರ ಪೇಪರ್ ಹೊರಬಂದದ್ದು ತಡವಾಗಿ. ಕೈಯಳತೆಯಲ್ಲಿ ಜರ್ನಲ್ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ರಾಮನ್ ಬೇರೆ ಉದಾಹರಣೆ ಹುಡುಕಬೇಕಿರಲಿಲ್ಲ.

1933ರಲ್ಲಿ ಅವರು ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆಯ) ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಆ ಹೊತ್ತಿಗೆ ಇಲ್ಲಿ ‘ಕರೆಂಟ್ ಸೈನ್ಸ್’ ಇತ್ತು. 1932ರ ಜುಲೈನಲ್ಲಿ ಶುರುವಾಗಿದ್ದ ಮಾಸಿಕ. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅದರ ಮೊದಲ ಸಂಪಾದಕರು. ಅದು ಸುದ್ದಿ, ಟಿಪ್ಪಣಿ, ಚರ್ಚೆಗಳ ಪತ್ರಿಕೆ. ಪೂರ್ಣ ಪ್ರಮಾಣದ ಪೇಪರುಗಳಿಗೆ ಬೇರೆಯದೇ ಬೇಕಿತ್ತು. ಎರಡೂ ಅಚ್ಚಾಗುತ್ತಿದ್ದದ್ದು ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್‌ನಲ್ಲಿ. ಹೌದು, ನಮ್ಮ ಮನೆಗಳ ಗೋಡೆಗೆ ನೇತುಹಾಕುವ ಕ್ಯಾಲೆಂಡರಿನ ಅದೇ ಪ್ರೆಸ್. ಗಣಿತದ ಸಮೀಕರಣಗಳನ್ನು ಮೊಳೆ ಜೋಡಿಸಿ ಅಚ್ಚುಹಾಕುವುದು ಎಷ್ಟು ತಲೆನೋವಿನ ಕೆಲಸ ಎಂದು ಬಲ್ಲವರು ಆ ಸಂಪುಟಗಳ ಪುಟಗಳನ್ನು ನೋಡಿದರೆ ಮೆಚ್ಚದೆ ಇರಲಾರರು.

ಅಕಾಡೆಮಿ ಹುಟ್ಟಿದ್ದು ಜಗಳದ ನಡುವೆ. 1934ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್‌ನಲ್ಲಿ, ಭೌತವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ, ಇಡೀ ದೇಶಕ್ಕೆ ಒಂದು ಅಕಾಡೆಮಿ ಬೇಕೆಂದು ಸಮಿತಿಯಾಯಿತು. ರಾಮನ್ ಸಮಿತಿಯಿಂದ ಹೊರಬಂದು ಬೆಂಗಳೂರಿನಲ್ಲಿ ತಮ್ಮದನ್ನು ನೋಂದಾಯಿಸಿಬಿಟ್ಟರು. ಸಮಿತಿಯ ಕೂಸು 1935ರ ಜನವರಿ 7ರಂದು ಕಲ್ಕತ್ತದಲ್ಲಿ ‘ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಸ್ ಆಫ್ ಇಂಡಿಯಾ’ ಆಗಿ ಶುರುವಾಯಿತು; 1970ರಲ್ಲಿ ಹೆಸರು ಬದಲಿಸಿಕೊಂಡ ಅದೇ ಇವತ್ತಿನ ದೆಹಲಿಯ ಇನ್ಸಾ (ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ). ಸಹಾ 1930ರಲ್ಲೇ ಅಲಹಾಬಾದಿನಲ್ಲಿ ಕಟ್ಟಿದ್ದ ಸಂಯುಕ್ತ ಪ್ರಾಂತದ ಅಕಾಡೆಮಿ ಮೂರನೆಯದು. ರಾಮನ್ ನಡೆದುಕೊಂಡ ರೀತಿ ಸೌಜನ್ಯದ್ದಾಗಿತ್ತೆಂದು ಯಾರೂ ಹೇಳಲಾರರು. ಆದರೆ ಸಮಿತಿ ಎಲ್ಲರನ್ನೂ ಒಪ್ಪಿಸುವವರೆಗೆ ಕಾದಿದ್ದರೆ ಜುಲೈ ಸಂಚಿಕೆ ಬರುತ್ತಿರಲಿಲ್ಲ ಎನ್ನುವುದೂ ನಿಜ.

ಈ ಮೂರು ಅಕಾಡೆಮಿಗಳ ಇತಿಹಾಸ ಗೊತ್ತಿಲ್ಲದಿದ್ದರೆ ಹಳೇ ಉಲ್ಲೇಖಗಳಲ್ಲಿ ದಾರಿ ತಪ್ಪುವುದು ಖಂಡಿತ. ಮೂರೂ ‘ಪ್ರೊಸೀಡಿಂಗ್ಸ್’ ಹೊರಡಿಸಿವೆ, ಮೂರರಲ್ಲೂ ಎ ಮತ್ತು ಬಿ ಎಂಬ ಭಾಗಗಳಿದ್ದವು. ‘ಪ್ರೊಸೀ. ಇಂಡಿಯನ್ ಅಕಾಡ್. ಸೈ.’ ಎಂದಿದ್ದರೆ ಬೆಂಗಳೂರು. ‘ನ್ಯಾಟ್. ಇನ್‌ಸ್ಟ್.’ ಇದ್ದರೆ ಇನ್ಸಾ. ‘ನ್ಯಾಟ್. ಅಕಾಡ್. ಸೈ. ಇಂಡಿಯಾ’ ಅಂದರೆ ಅಲಹಾಬಾದ್; ಇಲ್ಲಿ ಕೊನೆಯ ‘ಇಂಡಿಯಾ’ ಬಿಟ್ಟುಹೋದರೆ ಹುಡುಕಾಟ ಸೀದಾ ಅಮೆರಿಕದ ವಿಜ್ಞಾನ ಅಕಾಡೆಮಿಯ ಜರ್ನಲ್ ಪಿಎನ್‌ಎಎಸ್‌ಗೆ ಹೋಗಿ ನಿಲ್ಲುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ನಕಲಿಸುತ್ತ ಹೋದಂತೆ ಈ ತಪ್ಪು ಮರಿ ಹಾಕುತ್ತದೆ.

ಬೆಂಗಳೂರಿನ ಪ್ರೊಸೀಡಿಂಗ್ಸ್‌ನ ಲೆಕ್ಕ ಮಾತ್ರ ಬಹಳ ಶಿಸ್ತಿನದು. ಮೊದಲ ಸಂಪುಟ ಒಂದೇ ಭಾಗವಾಗಿ ಬಂತು. 1935ರ ಜುಲೈನಿಂದ ಭೌತ, ರಸಾಯನ, ಗಣಿತಕ್ಕೆ ಎ, ಜೀವವಿಜ್ಞಾನಕ್ಕೆ ಬಿ. ತಿಂಗಳಿಗೊಂದು ಸಂಚಿಕೆ, ಆರು ತಿಂಗಳಿಗೊಂದು ಸಂಪುಟ. ಹೀಗಾಗಿ 2ರಿಂದ 86ರವರೆಗೆ ಸಂಪುಟ ಸಂಖ್ಯೆಯಿಂದಲೇ ವರ್ಷ ಹೇಳಬಹುದು. ಸಮಸಂಖ್ಯೆಯಾದರೆ ಅರ್ಧ ಮಾಡಿ 1934ಕ್ಕೆ ಕೂಡಿಸಿ: ಅದು ಆ ವರ್ಷದ ಜುಲೈ–ಡಿಸೆಂಬರ್. ಬೆಸಸಂಖ್ಯೆಯಾದರೆ ಮೊದಲು ಒಂದು ಕೂಡಿಸಿ, ಆಮೇಲೆ ಅರ್ಧ ಮಾಡಿ 1934ಕ್ಕೆ ಸೇರಿಸಿ: ಅದು ಜನವರಿ–ಜೂನ್. ಸಂಪುಟ 15 ಅಂದರೆ 16ರ ಅರ್ಧ 8, 1942ರ ಮೊದಲರ್ಧ. ವಿಕ್ರಮ್ ಸಾರಾಭಾಯಿ ವಿಶ್ವಕಿರಣಗಳ ಬಗ್ಗೆ ಬರೆದ ಮೊದಲ ಪೇಪರ್ ಅಲ್ಲಿದೆ, 15ಎ, ಪುಟ 89. ಉಲ್ಲೇಖದಲ್ಲಿ ಕೊಟ್ಟ ವರ್ಷವೂ ಈ ಲೆಕ್ಕವೂ ತಾಳೆಯಾಗದಿದ್ದರೆ ಸಂಪುಟವೋ ವರ್ಷವೋ ಒಂದು ತಪ್ಪಿದೆ. ಅಕ್ಷರವನ್ನಂತೂ ಕೈಬಿಡಲೇಬಾರದು: ಎ ಮತ್ತು ಬಿ ಎರಡಕ್ಕೂ ಪುಟಸಂಖ್ಯೆ ಬೇರೆಬೇರೆಯಾಗಿ ಒಂದರಿಂದ ಶುರುವಾಗುತ್ತದೆ.

ಪೇಪರಿನ ತಲೆಯಲ್ಲಿ ಕೈಸೇರಿದ ದಿನಾಂಕವನ್ನೂ, ಬಹಳಷ್ಟು ಸಲ ‘ಕಮ್ಯುನಿಕೇಟೆಡ್ ಬೈ’ ಎಂದು ಒಬ್ಬ ಫೆಲೋನ ಹೆಸರನ್ನೂ ಹಾಕುತ್ತಿದ್ದರು. ಪೇಪರನ್ನು ಅಕಾಡೆಮಿಯ ಮುಂದಿಟ್ಟವರು ಅವರು. ಮೊದಲು ಈ ಎರಡು ಸಾಲು ಓದಿದರೆ ಕೆಲಸ ಯಾರ ಬಳಗದ್ದು, ಎಷ್ಟು ಬೇಗ ಅಚ್ಚಾಯಿತು ಎಂಬುದು ತಿಳಿಯುತ್ತದೆ.

ವೇಗಕ್ಕೆ ಒಳ್ಳೆಯ ಉದಾಹರಣೆ ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥರ ಐದು ಪೇಪರುಗಳು. ದ್ರವದೊಳಗೆ ಅತಿ ಹೆಚ್ಚಿನ ಆವರ್ತನದ ಶಬ್ದ ಹಾಯಿಸಿದರೆ ಅದರ ಸಾಂದ್ರತೆ ಸಾಲುಸಾಲಾಗಿ ಹೆಚ್ಚುಕಡಿಮೆಯಾಗುತ್ತದೆ. ಅಡ್ಡಲಾಗಿ ಬಿಟ್ಟ ಬೆಳಕು ಹಲವು ಗೆರೆಗಳಾಗಿ ಒಡೆಯುತ್ತದೆ. 1932ರಲ್ಲಿ ಅಮೆರಿಕದಲ್ಲೂ ಫ್ರಾನ್ಸಿನಲ್ಲೂ ಇದನ್ನು ಕಂಡಿದ್ದರು. ಆದರೆ ಯಾವ ಗೆರೆ ಎಷ್ಟು ಪ್ರಖರ ಎಂಬುದಕ್ಕೆ ಸರಿಯಾದ ಲೆಕ್ಕವಿರಲಿಲ್ಲ. ದ್ರವ ಬೆಳಕನ್ನು ತಡೆಯುವುದಿಲ್ಲ, ಅಲೆಯ ಹಂತವನ್ನು (ಫೇಸ್) ಮಾತ್ರ ಏರುಪೇರು ಮಾಡುತ್ತದೆ ಎಂದು ಹಿಡಿದರೆ n-ನೇ ಗೆರೆಯ ಪ್ರಖರತೆ n-ನೇ ಬೆಸೆಲ್ ಫಲನದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಇವರು ತೋರಿಸಿದರು. ಶಬ್ದದ ಬಲ ಏರಿಸುತ್ತ ಹೋದರೆ ನಡುವಿನ ಗೆರೆಯೇ ಒಮ್ಮೆ ಪೂರ್ತಿ ಮಾಯವಾಗಬೇಕು, ಹಂತದ ಏರಿಳಿತ ಸುಮಾರು 2.4 ರೇಡಿಯನ್ ಮುಟ್ಟಿದಾಗ. ಮೊದಲೆರಡು ಭಾಗ 2ಎ ಸಂಪುಟದ 406 ಮತ್ತು 413ನೇ ಪುಟಗಳಲ್ಲಿ, ಉಳಿದ ಮೂರು 3ಎಯಲ್ಲಿ. ಅಂದರೆ ಒಂದು ವರ್ಷದೊಳಗೆ ಇಡೀ ಸಿದ್ಧಾಂತ ಮುದ್ರಣದಲ್ಲಿತ್ತು.

ಇನ್ನೊಂದು ಮುಖವೂ ಇದೆ. 1956ರಲ್ಲಿ 22ರ ಹುಡುಗ ಎಸ್. ಪಂಚರತ್ನಂ 44ಎ ಸಂಪುಟದ 247ನೇ ಪುಟದಲ್ಲಿ ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಬರೆದ. ಬೆಳಕಿನ ಧ್ರುವೀಕರಣವನ್ನು ಮೂರು ಸ್ಥಿತಿಗಳ ಮೂಲಕ ಸುತ್ತಿಸಿ ಮೊದಲ ಸ್ಥಿತಿಗೇ ತಂದರೆ ಹಂತದಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆ. ಧ್ರುವೀಕರಣದ ಪ್ರತಿ ಸ್ಥಿತಿಯನ್ನೂ ಒಂದೊಂದು ಬಿಂದುವಾಗಿ ತೋರಿಸುವ ಪೊಯಿಂಕಾರೆ ಗೋಳದ ಮೇಲೆ ಆ ಮೂರು ಬಿಂದುಗಳ ತ್ರಿಕೋನ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಇಂಥದೇ ಹಂತವನ್ನು ಕಂಡುಹಿಡಿದು ಹೆಸರಾದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಹಳೇ ಪೇಪರನ್ನು ಎತ್ತಿ ತೋರಿಸಿದರು, ಮರುವರ್ಷವೇ ಬೆರಿ ಅದನ್ನು ಮುಕ್ತವಾಗಿ ಒಪ್ಪಿಕೊಂಡು ಬರೆದರು. ಪಂಚರತ್ನಂ 1969ರಲ್ಲೇ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಿದ್ದರು. ಅಚ್ಚು ಮಾಡುವುದು ಸಂಪಾದಕರ ಕೈಯಲ್ಲಿದೆ, ಓದಿಸುವುದು ಇಲ್ಲ.

ರಾಮನ್ 1970ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅಧ್ಯಕ್ಷರಾಗಿದ್ದರು. 36 ವರ್ಷ ಒಬ್ಬರೇ ಯಜಮಾನರಾದರೆ ಜರ್ನಲ್‌ಗೆ ಒಂದೇ ದನಿ ಬರುವುದು ಸಹಜ. ಹರಳುಗಳ ಕಂಪನದ ಬಗ್ಗೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಜೊತೆ ನಡೆದ ವಾದದಲ್ಲಿ ರಾಮನ್ ಮತ್ತು ಶಿಷ್ಯರ ಪೇಪರುಗಳು ಇಲ್ಲೇ ರಾಶಿ ಬಿದ್ದವು. ಮುಂದೆ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪರವಾಗಿ ನಿಂತವು. ಹಾಗಂತ ಆ ಸಂಪುಟಗಳು ವ್ಯರ್ಥವಲ್ಲ: ವಜ್ರದ ಮೇಲಿನ 1944ರ ವಿಶೇಷ ಸಂಚಿಕೆಯಲ್ಲಿ (19ಎ) ಅಳತೆಗಳಿಗೆ ಬೆಲೆಯಿದೆ, ವ್ಯಾಖ್ಯಾನವನ್ನು ಮಾತ್ರ ಜರಡಿ ಹಿಡಿಯಬೇಕು.

ಆಮೇಲೆ ಬದಲಾವಣೆ ಸರಸರನೆ ಆಯಿತು. 1973ರಲ್ಲಿ ಭೌತಶಾಸ್ತ್ರಕ್ಕೆ ‘ಪ್ರಮಾಣ’ ಬಂತು. 1978ರಲ್ಲಿ ಪ್ರೊಸೀಡಿಂಗ್ಸ್ ವಿಷಯವಾರು ಒಡೆಯಿತು. ಎಂಜಿನಿಯರಿಂಗ್ ಭಾಗ 1984ರಲ್ಲಿ ‘ಸಾಧನಾ’ ಆಯಿತು. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಜೊತೆ ಭಾರತಕ್ಕೆ ಬಂದು, ನಿಂತೇಹೋಗಿದ್ದ ‘ಜರ್ನಲ್ ಆಫ್ ಜೆನೆಟಿಕ್ಸ್’ಗೆ 1985ರಲ್ಲಿ ಅಕಾಡೆಮಿ ಮರುಜೀವ ಕೊಟ್ಟಿತು. 1978ರಿಂದ ಈಚೆಗೆ ಸಂಪುಟದಿಂದ ವರ್ಷ ಹೇಳುವ ಆ ಲೆಕ್ಕ ನಡೆಯುವುದಿಲ್ಲ. ಒಡೆದ ಭಾಗಗಳು ಹಳೇ ಸಂಖ್ಯೆಯನ್ನೇ ತಮ್ಮತಮ್ಮ ವೇಗದಲ್ಲಿ ಮುಂದುವರಿಸಿದವು: 2005ರಲ್ಲಿ ಭೂವಿಜ್ಞಾನದ್ದು ಸಂಪುಟ 114, ಗಣಿತದ್ದು 115, ರಸಾಯನದ್ದು 117. ವಿಷಯದ ಹೆಸರಿಲ್ಲದೆ ಬರೀ ‘ಸಂಪುಟ 100’ ಎಂದರೆ ಯಾವುದೂ ಆಗಬಹುದು. ಈಗ ಹಳೇ ಸಂಪುಟಗಳೆಲ್ಲ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಲೇಖಕರ ಹೆಸರಿನಿಂದ ಹುಡುಕುವುದಕ್ಕಿಂತ ಸಂಪುಟ ತೆರೆದು ಪುಟಕ್ಕೆ ಹೋಗುವುದು ವಾಸಿ. ಹಳೇ ಹೆಸರುಗಳ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಎ ಭಾಗದ ಹೊಗಳಿಕೆಯಲ್ಲಿ ಬಿ ಭಾಗ ಮರೆಯಾಗುತ್ತದೆ. ಅದೇ ನಾರಾಯಣ ರಾವ್ 1937ರಲ್ಲಿ 6ಬಿ ಸಂಪುಟದ 387ನೇ ಪುಟದಿಂದ 427ರವರೆಗೆ ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವರ್ಣಿಸಿದರು. ಸಕಲೇಶಪುರದ ಕೆಳಗಿನ ಕೆಂಪುಹೊಳೆಯ ಹೆಸರನ್ನು ‘ಕೆಂಪ್‌ಹೊಲೆಯೆನ್ಸಿಸ್’ ಎಂದು ಹೊತ್ತ ಕಪ್ಪೆ ಆ ಪುಟಗಳಲ್ಲಿದೆ. ಅವರು ಸೆಂಟ್ರಲ್ ಕಾಲೇಜಿನಲ್ಲಿ ಕಾದಿರಿಸಿದ ಮೂಲ ಮಾದರಿಗಳು ಕಳೆದುಹೋಗಿವೆ. ಹೀಗಾಗಿ ಘಟ್ಟದಲ್ಲಿ ಇವತ್ತು ಕಪ್ಪೆ ಹಿಡಿದು ಇದು ರಾವ್ ಹೆಸರಿಟ್ಟದ್ದೋ ಹೊಸದೋ ಎಂದು ತೀರ್ಮಾನಿಸುವವರು ಆ 41 ಪುಟಗಳ ವರ್ಣನೆ, ಅಳತೆಗಳನ್ನೇ ಮುಂದಿಟ್ಟುಕೊಂಡು, ಅವರು ಹೇಳಿದ ಜಾಗಕ್ಕೇ ಹೋಗಿ ಮತ್ತೆ ಕಪ್ಪೆ ಹುಡುಕಬೇಕಾಗುತ್ತದೆ.