"ಇನ್ನೂ ಗೊತ್ತಾಗಿಲ್ಲ ಮೇಡಂ" ಅನ್ನೋರಿಗೆಲ್ಲ ಒಂದೇ ಸಲ ಉತ್ತರ

ನಾನು ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತೀನಿ ಅಂತ ಗೊತ್ತಾದ್ರೆ ಸಾಕು, ಪ್ರಶ್ನೆ ರೆಡಿ. "ನಮ್ ಹುಡುಗ ಡಿಗ್ರಿ ಎರಡನೇ ವರ್ಷ, ಇನ್ನೂ ತಾನೇನಾಗ್ಬೇಕು ಅಂತಾನೇ ಗೊತ್ತಿಲ್ಲ, ಏನಾದ್ರೂ ಪ್ರಾಬ್ಲಮ್ ಇದ್ಯಾ?" ಫೋನಲ್ಲಿ ಕೇಳ್ತಾರೆ, ಲಿಫ್ಟಲ್ಲಿ ಕೇಳ್ತಾರೆ, ಒಂದ್ಸಲ ಹಲ್ಲಿನ ಡಾಕ್ಟ್ರು ನನ್ನ ಬಾಯಿಗೆ ಹತ್ತಿ ತುರುಕಿ ಆಮೇಲೆ ಕೇಳಿದ್ರು. ಇನ್ಮೇಲೆ ಕೇಳಿದೋರಿಗೆಲ್ಲ ಈ ಲಿಂಕ್ ಕಳಿಸ್ತೀನಿ.

ಉತ್ತರ: ಇಲ್ಲ. ಗೊತ್ತಿಲ್ಲದೇ ಇರೋದು ಪ್ರಾಬ್ಲಮ್ ಅಲ್ಲ.

ನನಗೆ ಮೈ ಉರಿಯೋದು ಆ "ಇನ್ನೂ"ಗೆ. ಇದೇನು ಲೇಟಾಗಿರೋ ಟ್ರೇನಾ? ಐಡೆಂಟಿಟಿ ಕ್ರೈಸಿಸ್, ಅಂದ್ರೆ ನಾನ್ಯಾರು, ಏನಾಗ್ಬೇಕು ಅನ್ನೋ ಗೊಂದಲ ಅಂತ ಎಲ್ರೂ ಅಂತೀರಲ್ಲ, ಆ ಮಾತು ಕೊಟ್ಟ ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಹುಟ್ಟಿದ್ದು 1902ರಲ್ಲಿ, ಹೆತ್ತ ಅಪ್ಪ ಯಾರು ಅಂತ ಅವನಿಗೆ ಸಾಯೋವರೆಗೂ ಗೊತ್ತಾಗ್ಲಿಲ್ಲ, ಹರೆಯದಲ್ಲಿ ಚಿತ್ರ ಬರೀತೀನಿ ಅಂತ ಯೂರೋಪ್ ಅಲೆದ, ಡಿಗ್ರಿ ಅಂತ ಒಂದೂ ತಗೊಳ್ಳಲಿಲ್ಲ, 1939ರಲ್ಲಿ ಅಮೆರಿಕದ ಪ್ರಜೆ ಆಗುವಾಗ ಮಲತಂದೆಯ ಸರ್‌ನೇಮ್ ಹಿಂದಕ್ಕೆ ಹಾಕಿ ಎರಿಕ್ಸನ್ ಅಂತ ತಾನೇ ಇಟ್ಕೊಂಡ, ಆಮೇಲೆ ಹಾರ್ವರ್ಡಲ್ಲಿ ಪ್ರೊಫೆಸರ್ ಆದ. ನಿಮ್ಮ ಮಗ ಆಗಿದ್ರೆ ಎರಡನೇ ವರ್ಷಕ್ಕೇ ನನ್ನ ಹತ್ರ ಕರ್ಕೊಂಡು ಬರ್ತಿದ್ರಿ ನೀವು ಅವನನ್ನ.

ಒಂದಿನ ಒಬ್ರು ಮಗಳನ್ನ ಕರ್ಕೊಂಡು ಬಂದು ಅವಳ ಎದುರಿಗೇ ಶುರು ಮಾಡಿದ್ರು. "ಮೊದ್ಲು ಕಾಮರ್ಸ್ ಅಂದ್ಲು, ಆಮೇಲೆ ಬಯಾಲಜಿ, ಈಗ ನಾಟಕ ಅಂತಾಳೆ. ಇವಳ ಅಣ್ಣನ್ನ ನೋಡಿ, ಐದನೇ ಕ್ಲಾಸಲ್ಲೇ ಇಂಜಿನಿಯರ್ ಆಗ್ತೀನಿ ಅಂದ, ಆದ, ಒಂದಿನ ತಲೆನೋವು ಕೊಟ್ಟವನಲ್ಲ." ಆ ಹುಡುಗಿ ಪೆನ್ನಿನ ಕ್ಯಾಪ್ ತೆಗೀತಾ ಹಾಕ್ತಾ ಕೂತಿದ್ಲು.

ನಾನು ಜೇಮ್ಸ್ ಮಾರ್ಷಿಯಾ ಅನ್ನೋ ಸೈಕಾಲಜಿಸ್ಟ್ ಕಥೆ ತೆಗೆದೆ. ಆತ 1966ರಲ್ಲಿ ಕಾಲೇಜು ಹುಡುಗರನ್ನ ಮಾತಾಡಿಸಿ ಎರಡೇ ವಿಷಯ ನೋಡಿದ: ಹುಡುಕಾಡಿದಾನಾ, ಒಂದನ್ನ ಗಟ್ಟಿಯಾಗಿ ಹಿಡ್ಕೊಂಡಿದಾನಾ. ಎರಡೂ ಇಲ್ದೇ ಇರೋರು ಒಂದು ಗುಂಪು, ಎರಡೂ ಆಗಿರೋರು ಒಂದು ಗುಂಪು, ಅವರನ್ನ ಬಿಡಿ. ಇನ್ನೂ ಹುಡುಕ್ತಾ ಇರೋದಕ್ಕೆ ಮೊರಟೋರಿಯಂ ಅಂದ. ಹುಡುಕದೇನೇ, ಮನೇಲಿ ಕೊಟ್ಟಿದ್ದನ್ನ ಹಿಡ್ಕೊಂಡಿರೋದಕ್ಕೆ ಫೋರ್‌ಕ್ಲೋಜರ್ ಅಂದ. (ಎರಡೂ ಬ್ಯಾಂಕ್ ಸಾಲದಲ್ಲಿ ಬರೋ ಮಾತು, ಅಪ್ಪ ಅಮ್ಮಂದಿರಿಗೆ ಬೇಗ ಅರ್ಥ ಆಗುತ್ತೆ.) ಮಗಳು ಮೊರಟೋರಿಯಂ ಸರ್, ಕಂತು ಕಟ್ಟೋಕೆ ಟೈಮ್ ಕೇಳ್ತಿದಾಳೆ, ಓಡಿಹೋಗಿಲ್ಲ ಅಂದೆ.

ಸುಳ್ಳು ಹೇಳಲ್ಲ, ಹುಡುಕ್ತಾ ಇರೋರಿಗೇ ಆತಂಕ ಜಾಸ್ತಿ, ರಿಸರ್ಚಲ್ಲೂ ಮತ್ತೆ ಮತ್ತೆ ಅದೇ ಬಂದಿದೆ. ಹುಡುಕೋದರಲ್ಲೂ ಎರಡು ಥರ. ಹೋಗಿ ನೋಡೋದು, ಮಾಡಿ ನೋಡೋದು ಒಂದು. ರಾತ್ರಿಯೆಲ್ಲ ಮಲಗಿದಲ್ಲೇ "ತಪ್ಪು ಆರಿಸ್ಕೊಂಡ್ನಾ, ತಪ್ಪು ಆರಿಸ್ಕೊಂಡ್ನಾ" ಅಂತ ಗಾಣದ ಎತ್ತಿನ ಥರ ಸುತ್ತೋದು ಇನ್ನೊಂದು, ಜೀವ ಹಿಂಡೋದು ಇದೇ. ಊಟ ನಿದ್ದೆ ಬಿಟ್ಟಿದ್ರೆ, ಫ್ರೆಂಡ್ಸ್ ಹತ್ರಾನೂ ಮಾತು ನಿಂತಿದ್ರೆ, ಬದುಕೋದೇ ಬೇಡ ಅನ್ನೋ ಥರ ಮಾತು ಬಂದ್ರೆ, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಲಿಫ್ಟಲ್ಲಿ ನಾನು ಸಿಗ್ಲಿ ಅಂತ ಕಾಯ್ಬೇಡಿ.

ಆದ್ರೆ ಆ ಅಣ್ಣನ ಬಗ್ಗೆ ಯಾಕೆ ಯಾರೂ ಕೇಳಲ್ಲ? "ನಮ್ ಮಗನಿಗೆ ಐದನೇ ಕ್ಲಾಸಿಂದ ಒಂದು ಡೌಟೂ ಬಂದಿಲ್ಲ, ಪರವಾಗಿಲ್ವಾ ಮೇಡಂ?" ಅಂತ ಇಷ್ಟು ವರ್ಷದಲ್ಲಿ ಒಬ್ರೂ ಕೇಳಿಲ್ಲ. ಅಂಥವರು ಸುಮಾರು ಜನ ನೆಮ್ಮದಿಯಾಗೇ ಇರ್ತಾರೆ, ಒಪ್ತೀನಿ. ಆದ್ರೆ ನಾನೂ ಆ ಅಣ್ಣನ ಜಾತಿಯೇ. ಅಮ್ಮ ಟೀಚರ್, ನಾನೂ ಟೀಚರ್, ಪ್ರಶ್ನೆಯೇ ಹುಟ್ಟಿರಲಿಲ್ಲ. ಮೂವತ್ನಾಲ್ಕಕ್ಕೆ ಒಂದಿನ ಅಟೆಂಡೆನ್ಸ್ ಕರೀತಾ ಇದ್ದಾಗ ಇದು ನಾನು ಕೇಳಿದ ಕೆಲಸವಾ ಅಂತ ಅನ್ಸಿ ಮಧ್ಯದಲ್ಲೇ ನಿಂತುಬಿಟ್ಟೆ, ಹುಡುಗರು ನನಗೇ ಏನೋ ಆಯ್ತು ಅಂದ್ಕೊಂಡು ನೀರು ತಂದ್ರು. ಕೆಲಸ ಬಿಡಲಿಲ್ಲ. ಇಷ್ಟಾನೇ ಅಂತ ಗೊತ್ತಾಗೋಕೆ ಎರಡು ವರ್ಷ ಹಿಡೀತು, ಆ ಎರಡು ವರ್ಷ ಮನೇಲಿ ನನ್ನ ಜೊತೆ ಇದ್ದೋರನ್ನ ಕೇಳಿ ಹೇಗಿತ್ತು ಅಂತ.

ಇದನ್ನ ಆ ಅಪ್ಪನಿಗೆ ಹೇಳಲಿಲ್ಲ. ಅವರು ಎದ್ದು ಹೊರಗೆ ಹೋದ್ರು, ಹುಡುಗಿ ಬಾಗಿಲಲ್ಲೇ ನಿಂತು, "ಮೇಡಂ, ನಿಮಗೆ ಯಾವಾಗ ಗೊತ್ತಾಯ್ತು?" ಅಂದ್ಲು.

ಪೆನ್ನಿನ ಕ್ಯಾಪ್ ಇಲ್ಲೇ ಬಿಟ್ಟಿದೀಯ, ತಗೊಂಡು ಹೋಗು ಅಂದೆ.