ಗಾಗಲ್ಸ್ ಮಸುಕಾಗುವುದು ನಿಂತಾಗಲೇ

ಅಮೆರಿಕದ ವಯೋಮಿಂಗ್ ರಾಜ್ಯದ ಟೋಗಟಿ ಪಾಸ್ ಎಂಬ ಬೆಟ್ಟದ ಕಣಿವೆದಾರಿಯಲ್ಲಿ ಇವತ್ತು ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಓಡಿಸಿದೆವು. 9,600 ಅಡಿಗೂ ಮೀರಿದ ಎತ್ತರ. ಇಲ್ಲಿ ಗಾಗಲ್ಸ್ ಮಸುಕಾದರೆ ಎದುರಿನ ಮರವೂ ಕಾಣುವುದಿಲ್ಲ. ಕಾರಣ ನಮ್ಮ ಉಸಿರೇ. ಬಿಸಿ ಉಸಿರು ತಣ್ಣಗಿನ ಲೆನ್ಸ್‌ಗೆ ತಾಗಿದ ಕೂಡಲೇ ಹನಿಗಟ್ಟುತ್ತದೆ. ಹೆಲ್ಮೆಟ್ ಒಳಗೆ ಉಸಿರನ್ನು ಕೆಳಕ್ಕೆ ತಳ್ಳುವ ಮಾಸ್ಕ್ ಮೂಗಿಗೆ ಸರಿಯಾಗಿ ಕೂತಿರಬೇಕು. ಎರಡು ಪದರದ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಓಡುವಾಗ ಗಾಳಿಯೇ ಲೆನ್ಸ್ ಒಣಗಿಸುತ್ತದೆ, ತೊಂದರೆ ಜಾಸ್ತಿ ಆಗುವುದು ನಿಂತಾಗ. ಹಿಮದಲ್ಲಿ ಹೂತ ಗಾಡಿ ಎತ್ತುವಾಗಲಂತೂ ಬೆವರು, ಏದುಸಿರು ಎರಡೂ. ಆಗ ಗಾಗಲ್ಸನ್ನು ಹಣೆಗೆ ಏರಿಸಬೇಡಿ, ಹಬೆಯೆಲ್ಲ ಒಳಗೇ ಸೇರುತ್ತದೆ. ಒಳಮೈಯನ್ನು ಗ್ಲೌಸಿನಿಂದ ಉಜ್ಜಲೂಬೇಡಿ, ಮಸುಕು ತಡೆಯುವ ಲೇಪನ ಹಾಳಾಗುತ್ತದೆ. ಉಸಿರು ಹದಕ್ಕೆ ಬರುವವರೆಗೆ ಸುಮ್ನೆ ನಿಲ್ಲುವುದೂ ಬೆಟ್ಟದಲ್ಲಿ ಒಂದು ಕೆಲಸವೇ ಅಲ್ವಾ ಅನಿಸಿತು. ನಾಳೆ ಇನ್ನೊಂದು ಒಣ ಗಾಗಲ್ಸ್ ಜಾಕೆಟ್ ಒಳಗೆ ಬೆಚ್ಚಗೆ ಇಟ್ಟುಕೊಂಡೇ ಹೊರಡುವುದು.