ಮರಗಾಲಿನ ಮೇಲೆ ನಿಂತ ಮೀನು

ಚಿಕ್ಕವನಿದ್ದಾಗ ಹಾವೇರಿ ಕಡೆ ಅಜ್ಜಿ ಊರಿಗೆ ಹೋದರೆ, ಮಳೆಗಾಲದಲ್ಲಿ ಮರಗಾಲು ಹತ್ತಿ ಓಡಾಡೋದೇ ಆಟ. ಎರೆಮಣ್ಣಿನ ಕೆಸರು ಗೊತ್ತಲ್ಲ, ಕಾಲಿಟ್ಟರೆ ಚಪ್ಪಲಿ ವಾಪಸ್ ಕೊಡಲ್ಲ. ಮರಗಾಲು ಹತ್ತಿದರೆ ಕೆಸರು ಕೆಳಗೆ, ನಾವು ಮೇಲೆ.

ಹೋದ ವಾರ ರಾತ್ರಿ ಹುಬ್ಬಳ್ಳಿ ಮನೆಯಲ್ಲಿ ಆಳ ಸಮುದ್ರದ ವಿಡಿಯೋ ನೋಡುವಾಗ ಅದೇ ನೆನಪಾಯಿತು. ಬೂದು ಕೆಸರಿನ ಮೇಲೆ ಒಂದು ಮೀನು, ಮೂರು ಉದ್ದನೆಯ ಕಡ್ಡಿ ಊರಿಕೊಂಡು, ಅಲುಗಾಡದೆ ನಿಂತಿತ್ತು.

ಬ್ಯಾಥಿಪ್ಟೆರಾಯಿಸ್ ಅಂತ ಇದರ ಕುಲದ ಹೆಸರು. 1872ರಿಂದ 1876ರವರೆಗೆ ಸಮುದ್ರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ಮೀನುಗಳನ್ನು ನೋಡಿ, ಗುಂಥರ್ ಎಂಬ ವಿಜ್ಞಾನಿ 1878ರಲ್ಲಿ ಇಟ್ಟದ್ದು. ಈಗ ಇದರಲ್ಲಿ 20ರ ಹತ್ತಿರ ಜಾತಿಗಳಿವೆ. ಎಲ್ಲದಕ್ಕೂ ಕಡ್ಡಿ ಅಷ್ಟು ಉದ್ದ ಇರಲ್ಲ. ನಾನು ನೋಡಿದ್ದು ಗ್ರ್ಯಾಲೇಟರ್ ಜಾತಿ. ಲ್ಯಾಟಿನ್‌ನಲ್ಲಿ ಆ ಮಾತಿಗೆ ಅರ್ಥ ಮರಗಾಲಿನ ಮೇಲೆ ನಡೆಯುವವನು ಅಂತಲೇ! ಓದಿ ಎಷ್ಟು ಖುಷಿಯಾಯಿತು ಅಂದ್ರೆ, ಮಲಗಿದ್ದ ಅಣ್ಣನನ್ನು ಎಬ್ಬಿಸಿ ಹೇಳಿದೆ.

ಎರಡು ಕಡ್ಡಿ ಹೊಟ್ಟೆ ಕೆಳಗಿನ ರೆಕ್ಕೆಗಳಿಂದ, ಮೂರನೆಯದು ಬಾಲದ ಕೆಳತುದಿಯಿಂದ. ಮೈ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ, ಆದರೆ ಕಡ್ಡಿ ಒಂದು ಮೀಟರ್‌ವರೆಗೂ ಬೆಳೆಯುತ್ತವೆ. ಈಜುವಾಗ ಅವು ಬಳ್ಳಿಯ ಹಾಗೆ ಬಳುಕುತ್ತವೆ, ನಿಂತಾಗ ಬಿಗಿಯಾಗುತ್ತವೆ. ನೀರು ಹರಿದು ಬರುವ ಕಡೆಗೇ ಮುಖ. ಕಣ್ಣು ತೀರಾ ಸಣ್ಣವು, ಆ ಕತ್ತಲಲ್ಲಿ ಅವುಗಳಿಂದ ಆಗುವ ಕೆಲಸ ಕಡಿಮೆ. ಅದಕ್ಕೆ ಪಕ್ಕದ ರೆಕ್ಕೆಗಳನ್ನು ಬೆರಳು ಅಗಲಿಸಿದ ಹಾಗೆ ಮೇಲಕ್ಕೆತ್ತಿ ಹಿಡಿಯುತ್ತದೆ, ತೇಲಿ ಬಂದ ಸಣ್ಣ ಸಿಗಡಿಯಂಥದ್ದು ತಾಗಿದರೆ ಬಾಯಿಗೆ. ಬೆನ್ನಟ್ಟುವ ಮಾತೇ ಇಲ್ಲ. ಜೋಡಿ ಹುಡುಕೋದೂ ಅಲ್ಲಿ ಕಷ್ಟ ಅಲ್ವಾ, ಹಾಗಾಗಿ ಒಂದೇ ಮೀನಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿವೆ.

ನಮ್ಮ ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಅಷ್ಟೇ ಆಳ ಇಳಿದರೂ ಗ್ರ್ಯಾಲೇಟರ್ ಸಿಗಲ್ಲ, ಸುಮಾರು 900 ಮೀಟರಿನಿಂದ ಶುರುವಾಗಿ 4,700ರವರೆಗೆ ಅದರ ವಾಸ. ಕಾರವಾರದಿಂದ ಐಸ್ ಹಾಕಿ ಬರುವ ಬಂಗಡೆ ಬುಟ್ಟಿಯಲ್ಲಂತೂ ಕಾಣುವ ಮೀನಲ್ಲ.

ಈ ಕುಲದ ಇನ್ನೊಂದು ಜಾತಿ ನಮ್ಮ ಅಂಡಮಾನ್ ಸಮುದ್ರದಲ್ಲೇ ಸಿಕ್ಕಿತ್ತು. ಇನ್ವೆಸ್ಟಿಗೇಟರ್ ಹಡಗಿನಲ್ಲಿ ವೈದ್ಯರಾಗಿದ್ದ ಆಲ್ಕಾಕ್ 1889ರಲ್ಲಿ ಅದಕ್ಕೆ ಗುಂಥರ್ ಹೆಸರನ್ನೇ ಇಟ್ಟರು. ಅದು ಅಲ್ಲಿನ ಕೆಸರಿನ ಮೇಲೆ ಹೇಗೆ ನಿಲ್ಲುತ್ತದೆ, ರೆಕ್ಕೆ ಹೇಗೆ ಎತ್ತುತ್ತದೆ, ಒಮ್ಮೆ ಕಣ್ಣಾರೆ ನೋಡಬೇಕು ನನಗೆ.